ಚಾಚುಗಿಟಕಿಗೊಂದು ತೆರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಗಾದೆಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಅವರ ಕಾಲದ ಮನೆಗಳಲ್ಲಿ ಕಿಟಕಿಗಳು ಅಂಗೈಯಗಲ ಇದ್ದುವು. ಅವುಗಳಿಗೆ ಪರದೆಯ ಅಗತ್ಯವೇ ಬೀಳುತ್ತಿರಲಿಲ್ಲ. ಇಂದು ಅವರಿದ್ದಿದ್ದರೆ ‘ಕಿಟಕಿಗೆ ಪರದೆ ಹಾಕಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂದು ನನ್ನ ನಂಬಿಕೆ. ಮದುವೆಗೆ ನೂರು ಮಂದಿ ಸಲಹೆ ಕೊಡುತ್ತಾರೆ. ಮನೆಗೆ ಐವತ್ತು ಮಂದಿಯಾದರೂ ಕೊಡುತ್ತಾರೆ. ಪರದೆಯ ವಿಷಯದಲ್ಲಿ ಮಾತ್ರ ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಎಲ್ಲ ಮುಗಿದ ಮೇಲೆ ಬಂದು, ‘ಇದೇಕೆ ಹೀಗೆ ತೂಗಿಬಿಟ್ಟಿರಿ?’ ಎಂದು ಕೇಳುತ್ತಾರೆ.

ನಾನು ಚಳ್ಳಕೆರೆಯಲ್ಲಿ ಒಂದು ಮನೆ ಕಟ್ಟಿಸಿದೆ. ಕನ್ನಡ ಪಾಠ ಹೇಳುವವನ ಮನೆ, ದೊಡ್ಡದೇನೂ ಅಲ್ಲ. ಆದರೆ ನಕ್ಷೆ ಬರೆದ ತರುಣ ಎಂಜಿನಿಯರು ಮಹಾ ಉತ್ಸಾಹಿ. ‘ಬೀದಿಯ ಕಡೆಗೆ ಒಂದು ಬೇ ವಿಂಡೋ ಇಡೋಣ ಸಾರ್, ಮನೆಗೆ ಕಳೆ ಬರುತ್ತದೆ’ ಎಂದರು. ಕಳೆ ಯಾರಿಗೆ ಬೇಡ? ಗೋಡೆಯ ಸಾಲನ್ನು ಬಿಟ್ಟು ಒಂದೂಮುಕ್ಕಾಲು ಅಡಿ ಮುಂದಕ್ಕೆ ಚಾಚಿಕೊಂಡು, ಎದುರಿಗೆ ಐದು ಅಡಿಯ ಒಂದು ಮುಖ, ಎರಡು ಪಕ್ಕಗಳಲ್ಲಿ ಓರೆಯಾಗಿ ಎರಡೂವರೆ ಅಡಿಯ ಒಂದೊಂದು ಮುಖ, ಒಳಗೆ ಕೂರಲು ಕಲ್ಲಿನ ಜಗುಲಿ—ಹೀಗೆ ಮೂರು ಮುಖದ ಗಾಜಿನ ಕಿಟಕಿಯೊಂದು ನಮ್ಮ ನಡುಮನೆಗೆ ಪ್ರಾಪ್ತವಾಯಿತು. ಇದಕ್ಕೆ ಕನ್ನಡದಲ್ಲಿ ಏನು ಹೆಸರಿಡೋಣವೆಂದು ಎರಡು ದಿನ ಯೋಚಿಸಿ, ಆದೇಶಸಂಧಿಯ ನೆರವಿನಿಂದ ‘ಚಾಚುಗಿಟಕಿ’ ಎಂದು ನಾಮಕರಣ ಮಾಡಿದೆ. ನನ್ನ ಹೆಂಡತಿ, ‘ಹೆಸರು ಚೆನ್ನಾಗಿದೆ, ಅದರ ಮುಂದೆ ಮಧ್ಯಾಹ್ನ ಎರಡು ಗಂಟೆಯ ಮೇಲೆ ಯಾರು ಕೂರುತ್ತಾರೆ, ನೋಡಿ ಹೇಳಿ’ ಎಂದಳು. ಕಿಟಕಿ ಇದ್ದದ್ದು ಪಶ್ಚಿಮಕ್ಕೆ.

ಈ ಬಗೆಯ ಕಿಟಕಿ ಇಂಗ್ಲೆಂಡಿನಲ್ಲಿ ಜನಪ್ರಿಯವಾದದ್ದಕ್ಕೆ ಕಾರಣವುಂಟು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುವ ಲಂಡನ್ನಿನಂಥ ಊರಿನಲ್ಲಿ, ಸೂರ್ಯ ಎಲ್ಲಿ ಇಣುಕಿದರೂ ಹಿಡಿದುಕೊಳ್ಳೋಣವೆಂದು ಮನೆ ತನ್ನ ಕೈಯನ್ನು ಹೊರಕ್ಕೆ ಚಾಚುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿನ ಸಾಲುಮನೆಗಳಲ್ಲೆಲ್ಲ ಇದು ಹಬ್ಬಿತು. ಅಲ್ಲಿ ಪರದೆಯ ಕೆಲಸ ರಾತ್ರಿಯದು: ಒಳಗಿನ ಬೆಚ್ಚನೆಯ ಗಾಳಿ ಗಾಜಿನ ಮೂಲಕ ಹೊರಗೆ ಸೋರದಂತೆ ತಡೆಯುವುದು. ನಮ್ಮಲ್ಲಿ ಅದರ ಕೆಲಸ ಹಗಲಿನದು: ಹೊರಗಿನ ಬೆಂಕಿ ಒಳಗೆ ಬಾರದಂತೆ ನೋಡಿಕೊಳ್ಳುವುದು. ಚಳ್ಳಕೆರೆ ನಾಡಿನಲ್ಲೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಶೇಂಗಾ ಬೆಳೆದು, ಎಣ್ಣೆ ಗಿರಣಿಗಳಿಂದ ಹೆಸರು ಪಡೆದ ಊರು. ಇಲ್ಲಿಗೆ ಬಿಸಿಲನ್ನು ಯಾರೂ ಕೈಚಾಚಿ ಕರೆಯಬೇಕಾಗಿಲ್ಲ.

ಹಾಗೆಂದು ನಮ್ಮವರಿಗೆ ಹೊರಚಾಚಿದ ಕಿಟಕಿ ಗೊತ್ತಿರಲಿಲ್ಲವೆಂದಲ್ಲ. ವಿಜಯಪುರದ ಮೆಹ್ತರ್ ಮಹಲಿನ ಕಿಟಕಿಗಳು 17ನೆಯ ಶತಮಾನದ ಆದಿಯಿಂದಲೂ ಗೋಡೆಯಿಂದ ಮುಂದೆ ಚಾಚಿಕೊಂಡೇ ನಿಂತಿವೆ; ಆದರೆ ಅವುಗಳ ಮೇಲೆ ಕೆತ್ತನೆಯ ಕಲ್ಲುತೋಳುಗಳು ಹೊತ್ತ ಅಗಲವಾದ ಸೂರು ಇದೆ. ಜಯಪುರದ ಹವಾ ಮಹಲ್ 1799ರದು. ಅದರ ನೂರಾರು ಚಾಚುಗಿಟಕಿಗಳ ಕೆಲಸವನ್ನೆಲ್ಲ ಜಾಲಂದ್ರಗಳು ನಿರ್ವಹಿಸುತ್ತವೆ. ಬೆಂಗಳೂರಿನ ದಂಡುಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಕೊಂಡವರು ಸಹ ಕಿಟಕಿಯ ತಲೆಗೆ ಮರದ ಪಟ್ಟಿಗಳ ಚೂಪು ಟೊಪ್ಪಿಗೆ ತೊಡಿಸಿದರು. ಜನ ಅದನ್ನು ‘ಮಂಕಿ ಟಾಪ್’ ಎಂದು ಕರೆದರು. ಅಂತೂ ಬಿಸಿಲುನಾಡಿನಲ್ಲಿ ಕಿಟಕಿಯನ್ನು ಹೊರಗೆ ಕಳುಹಿಸಿದವರೆಲ್ಲರೂ ಅದಕ್ಕೊಂದು ಕೊಡೆ ಕೊಟ್ಟೇ ಕಳುಹಿಸಿದ್ದಾರೆ. ನಮ್ಮ ಎಂಜಿನಿಯರು ಕಿಟಕಿಯನ್ನು ಬರಿತಲೆಯಲ್ಲಿ ಕಳುಹಿಸಿದ್ದರು.

ಆದರೂ ನಾನು ಈ ಕಿಟಕಿಯ ಗೋಜಿಗೆ ಹೋಗುತ್ತಿರಲಿಲ್ಲ. ಮಧ್ಯಾಹ್ನ ನಡುಮನೆಯನ್ನು ಬಿಟ್ಟು ಹಿಂದಿನ ಕೋಣೆಯಲ್ಲಿ ಕುಳಿತಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಅವ್ವ ಬಂದಳು.

ತಂದೆಯವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಅವ್ವ ಹಳ್ಳಿಯಲ್ಲಿ ಒಬ್ಬಳೇ ಇದ್ದಳು. ಮಣ್ಣಿನ ಮಾಳಿಗೆಯ ಮನೆ, ಮೊಳದಪ್ಪದ ಗೋಡೆ, ತಲೆಯ ಮೇಲೊಂದು ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲಿನ ಕೋಲು ನೆಲದ ಮೇಲೆ ಎಲ್ಲಿದೆಯೆಂದು ನೋಡಿ ಆಕೆ ಹೊತ್ತು ಹೇಳುತ್ತಿದ್ದಳು. ಎರಡು ಕಣ್ಣಿಗೂ ಪೊರೆ ಬಂದಾಗ ಆ ಕೋಲು ಮಸುಕಾಯಿತು. ಒಂದು ಕಣ್ಣಿನ ಪೊರೆ ತೆಗೆಸಿ, ಇನ್ನೊಂದನ್ನು ಕೆಲವು ತಿಂಗಳ ಮೇಲೆ ನೋಡೋಣವೆಂದು ವೈದ್ಯರು ಹೇಳಿದ ಮೇಲೆ, ನಾನು ಆಕೆಯನ್ನು ಚಳ್ಳಕೆರೆಗೆ ಕರೆತಂದೆ. ಬಂದ ದಿನವೇ ಆಕೆ ಚಾಚುಗಿಟಕಿಯ ಜಗುಲಿಯನ್ನು ವಶಪಡಿಸಿಕೊಂಡಳು. ಅಲ್ಲಿ ಕುಳಿತರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ: ಶಾಲೆ ಬಿಟ್ಟು ಬರುವ ಮಕ್ಕಳು, ಸೊಪ್ಪಿನ ಗಾಡಿ, ಹಿಂಡು ಹೊಡೆದುಕೊಂಡು ಹೋಗುವ ಕುರಿಯವರು. ನಾಲ್ಕು ವರ್ಷ ಗೋಡೆ ನೋಡಿಕೊಂಡಿದ್ದವಳಿಗೆ ಬೀದಿ ಒಂದು ಹಬ್ಬವಾಯಿತು.

ಹಬ್ಬ ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಬಿಸಿಲು ನೇರವಾಗಿ ಗಾಜಿಗೆ ಹೊಡೆಯುತ್ತಿತ್ತು. ಪೊರೆ ಉಳಿದಿದ್ದ ಕಣ್ಣಿಗೆ ಆ ಬೆಳಕು ಚದುರಿ ಬೆಳ್ಳನೆಯ ಮಬ್ಬಾಗುತ್ತಿತ್ತು. ಹೊಸದಾಗಿ ತೆರೆದ ಕಣ್ಣು ನೀರಾಡುತ್ತಿತ್ತು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ಕೈಯನ್ನು ಅಡ್ಡ ಹಿಡಿದು ಕುಳಿತಿರುತ್ತಿದ್ದಳೇ ಹೊರತು ಎದ್ದುಬರುತ್ತಿರಲಿಲ್ಲ. ‘ಒಳಗೆ ಬಾರವ್ವ’ ಎಂದರೆ ಒಂದೇ ಉತ್ತರ: ‘ಬಿಸ್ಲು ಬ್ಯಾಡ ಕಣಪ್ಪ, ಬೀದಿ ಬೇಕು.’

ಈ ನಾಲ್ಕು ಮಾತಿನ ಬೇಡಿಕೆಯನ್ನು ಪೂರೈಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಅಂಗಡಿಗೆ ಹೋದೆವು. ಯಾವ ಅಂಗಡಿಯೆಂಬುದು ಬೇಡ. ತಪ್ಪು ನಮ್ಮದೂ ಇತ್ತು. ದಪ್ಪನೆಯ, ಹೊಳೆಯುವ, ಅಂಗೈಯಷ್ಟು ದೊಡ್ಡ ಹೂವುಗಳ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಾಗ ನಾವು ಮರುಳಾದೆವು. ಅಳತೆಗೆ ಬಂದ ಹುಡುಗ ಕಿಟಕಿಯನ್ನು ಅಳೆಯಲಿಲ್ಲ. ಅದರ ಬಾಯಿಯನ್ನು ಅಳೆದ. ಗೋಡೆಯಿಂದ ಗೋಡೆಗೆ ಎಂಟೂವರೆ ಅಡಿ. ಒಂದೇ ಕಂಬಿ, ಎರಡು ಪರದೆ, ಅರ್ಧ ಗಂಟೆಯ ಕೆಲಸ. ಎಳೆದು ನೋಡಿದರೆ, ಮೂರು ಮುಖದ ಕಿಟಕಿಯೂ ಅದರ ಜಗುಲಿಯೂ ಅದರ ಮೇಲೆ ಕುಳಿತ ಅವ್ವನೂ ಪರದೆಯ ಆಚೆಗೆ! ನಾಟಕ ಆರಂಭವಾಗುವ ಮುನ್ನ ರಂಗದ ಮೇಲೆ ಕಾಯುವ ಪಾತ್ರದಂತೆ ಆಕೆ ಬಿಸಿಲಿನಲ್ಲಿ ಕುಳಿತಿದ್ದಳು. ನಾವು ಪ್ರೇಕ್ಷಕರು ಈಚೆ ಕತ್ತಲೆಯಲ್ಲಿ ಕುಳಿತಿದ್ದೆವು. ಆಕೆಯನ್ನು ಈಚೆಗೆ ಕರೆತಂದರೆ, ‘ನನ್ನ ಬೀದಿ ಎಲ್ಲೋಯ್ತು?’ ಎಂದು ಕೇಳಿದಳು. ಚಾಚುಗಿಟಕಿಗೆ ಅಡ್ಡಲಾಗಿ ಪರದೆ ಕಟ್ಟುವುದೆಂದರೆ ಜಗುಲಿಯನ್ನು ಮನೆಯಿಂದ ಹೊರಗೆ ಹಾಕಿದಂತೆ ಎಂಬುದು ಆಗ ಅರ್ಥವಾಯಿತು. ಪರದೆ ಗಾಜಿನ ಜೊತೆಯಲ್ಲೇ ಮೂರು ಕಡೆಯೂ ತಿರುಗಬೇಕು.

ತಿರುಗಿಸುವುದೂ ಸುಲಭವಲ್ಲ. ಕಮ್ಮಾರನಿಂದ ಕಂಬಿಯನ್ನು ಎರಡು ಕಡೆ ಬಾಗಿಸಿ ತಂದೆ; ಬಳೆಗಳು ಬಾಗಿನಲ್ಲಿ ಸಿಕ್ಕಿಕೊಂಡು, ಎಳೆದರೆ ಗೋಡೆಯ ಗಾರೆ ಉದುರಿತು. ಕೊನೆಗೆ ಮೂರು ಮುಖಕ್ಕೆ ಮೂರು ಬೇರೆ ಕಂಬಿಗಳೇ ಸರಿಯೆಂದಾಯಿತು. ಆದರೆ ಮೂಲೆಯಲ್ಲಿ ಎರಡು ಬಟ್ಟೆಗಳ ನಡುವೆ ಒಂದು ಬೆರಳಿನ ಸಂದು ಉಳಿದರೂ ಸಾಕು, ಸಂಜೆಯ ಬಿಸಿಲು ಕತ್ತಿಯಂತೆ ಅಲ್ಲಿಂದಲೇ ನುಗ್ಗುತ್ತದೆ. ಪಕ್ಕದ ಬಟ್ಟೆಯ ಅಂಚು ಮೂಲೆಯನ್ನು ದಾಟಿ ಮೂರಂಗುಲ ನಡುವಿನದರ ಮೇಲೆ ಮಲಗಬೇಕು. ಮೂರು ಮುಖಗಳನ್ನೂ ಬೇರೆಬೇರೆಯಾಗಿ, ಮೇಲೊಮ್ಮೆ ಕೆಳಗೊಮ್ಮೆ ಅಳೆಯಬೇಕು. ಗಾರೆಕೆಲಸದವನ ಕೈ ಎರಡು ಕಡೆಯೂ ಒಂದೇ ಅಳತೆ ನಡೆಯುವುದಿಲ್ಲ.

ಇದರ ನಡುವೆ ನಾನು ಸೂರ್ಯನ ನಡೆಯನ್ನು ಗಮನಿಸತೊಡಗಿದ್ದೆ. ನಮ್ಮ ಊರು ಸಮಭಾಜಕದಿಂದ ಹದಿನಾಲ್ಕು ಡಿಗ್ರಿಗಿಂತ ಸ್ವಲ್ಪ ಮೇಲಿದೆ. ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ನಡುವಿನ ತಿಂಗಳುಗಳಲ್ಲಿ ಬಡಗಣಕ್ಕೆ ವಾಲಿರುತ್ತಾನೆ. ಆದ್ದರಿಂದ ಬೇಸಗೆಯ ಸಂಜೆ ಬಿಸಿಲು ವಾಯವ್ಯದ ಮುಖಕ್ಕೆ ಬೀಳುತ್ತದೆ. ಮಾಗಿಯಲ್ಲಿ ನೈಋತ್ಯದ ಮುಖಕ್ಕೆ. ನಡುವಿನ ಮುಖಕ್ಕೆ ವರ್ಷವೆಲ್ಲ. ಒಂದೇ ಕಿಟಕಿಯ ಮೂರು ಮುಖಗಳಿಗೆ ಮೂರು ಋತುಧರ್ಮ. ಮೂರಕ್ಕೂ ಬೇರೆ ಕಂಬಿ ಹಾಕಿದ್ದು ಇಲ್ಲಿ ಫಲ ಕೊಟ್ಟಿತು: ಬಿಸಿಲಿರುವ ಕಡೆ ಮುಚ್ಚಿ, ಇಲ್ಲದ ಕಡೆ ತೆರೆದಿಡಬಹುದು.

ಇನ್ನು ಬಟ್ಟೆ ಯಾವುದು? ನೆರೆಯ ಹಿರಿಯರೊಬ್ಬರು, ‘ಚಳ್ಳಕೆರೆಯಲ್ಲಿದ್ದುಕೊಂಡು ಹೂವಿನ ಬಟ್ಟೆ ಕಟ್ಟಿದಿರಲ್ಲ ಮೇಷ್ಟ್ರೇ, ಕಂಬಳಿ ಕಟ್ಟಿ’ ಎಂದರು. ಮಾತು ಸುಳ್ಳಲ್ಲ. ನಮ್ಮ ಸೀಮೆಯ ಕಂಬಳಿ ದಖ್ಖನಿನ ಕರಿ ಕುರಿಯ ತುಪ್ಪಟದ್ದು. ಕುರುಬರ ಮನೆಯ ಹೆಂಗಸರು ನೂಲುತ್ತಾರೆ. ಹಾಸಿಗೆ ಹುಣಿಸೆಬೀಜದ ಗಂಜಿ ಬಳಿದು ಬಿಗಿಗೊಳಿಸಿ ನೇಯುತ್ತಾರೆ. ಕೊಪ್ಪೆ ಮಾಡಿ ಹೊದ್ದರೆ ಮಳೆಗೆ ಮನೆ, ಹಾಸಿದರೆ ಹಾಸಿಗೆ, ಕಟ್ಟಿದರೆ ಮೂಟೆ. ಒಂದನ್ನು ತಂದು ನಡುವಿನ ಮುಖಕ್ಕೆ ತೂಗಿದೆ. ಶಾಖ ತಡೆಯುವುದರಲ್ಲಿ ಅದರ ಮುಂದೆ ಹೂವಿನ ಬಟ್ಟೆ ಏನೂ ಅಲ್ಲ. ಆದರೆ ನಡುಮನೆ ಗವಿಯಾಯಿತು. ಅದರ ಭಾರಕ್ಕೆ ಕಂಬಿ ಬಾಗಿತು. ಅವ್ವ ಅದನ್ನು ಮುಟ್ಟಿ ನೋಡಿ, ‘ಕಂಬಳಿ ಚೆನ್ನಾಗೈತೆ, ಕಿಟಕಿಗೆ ಯಾಕೆ, ನನಗೇ ಕೊಡು’ ಎಂದು ಇಳಿಸಿ ತನ್ನ ಮಂಚಕ್ಕೆ ಸೇರಿಸಿಕೊಂಡಳು.

ಆ ಸಂಜೆಯೇ ಅವ್ವ ತನ್ನ ಟ್ರಂಕನ್ನು ತೆರೆದು, ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಸೀರೆಯನ್ನು ತೆಗೆದಳು. ಮೊಳಕಾಲ್ಮೂರಿನ ರೇಷ್ಮೆ, ಆಕೆಯ ಮದುವೆಯದು, ಐವತ್ತು ವರ್ಷಕ್ಕೂ ಹಿಂದಿನದು. ಒಡಲು ದಟ್ಟ ಹಸುರು, ಅಂಚು ಕುಂಕುಮದ ಕೆಂಪು, ಸೆರಗಿನಲ್ಲಿ ನವಿಲು. ‘ಇನ್ನು ಇದನ್ನು ಯಾರು ಉಡ್ತಾರೆ? ಇದನ್ನೇ ಕಟ್ಟು. ತೆಳ್ಳಗೈತೆ, ಬೆಳಕು ಬರ್ತೈತೆ’ ಎಂದಳು. ನನ್ನ ಹೆಂಡತಿ, ‘ಬೇಡ ಅತ್ತೆ, ಬೇಡ’ ಎಂದು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡಳು. ತಂದೆಯವರು ಹೋದ ಮೇಲೆ ಅವ್ವ ಆ ಸೀರೆಯನ್ನು ಉಟ್ಟಿರಲಿಲ್ಲ. ಉಡಲಾಗದ್ದನ್ನು ಕಣ್ಣೆದುರಿಗಾದರೂ ಇಟ್ಟುಕೊಳ್ಳಬೇಕೆಂಬ ಆಸೆಯೋ, ಅಥವಾ ಅದರ ಮೇಲಿನ ಆಸೆಯನ್ನು ಕೊಡವಿಕೊಳ್ಳುವ ಬಗೆಯೋ ನನಗೆ ತಿಳಿಯಲಿಲ್ಲ. ‘ಮಾವನನ್ನು ಒಂದು ಮಾತು ಕೇಳುತ್ತೇನೆ’ ಎಂದು ಹೇಳಿ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಮೊಳಕಾಲ್ಮೂರು ಅವ್ವನ ತೌರು. ಬಳ್ಳಾರಿಯ ಹೆದ್ದಾರಿಯಲ್ಲಿ ಹೋಗುವಾಗ ತಳುಕು ಸಿಕ್ಕುತ್ತದೆ. ಟಿ. ಎಸ್. ವೆಂಕಣ್ಣಯ್ಯನವರ, ತ. ರಾ. ಸು. ಅವರ ವಂಶದ ಊರು. ಕನ್ನಡ ಮೇಷ್ಟರಾದವರು ಬಸ್ಸಿನಲ್ಲೇ ಒಮ್ಮೆ ಕೈಮುಗಿಯುವ ಸ್ಥಳ. ಆಮೇಲೆ ಬಂಡೆಗಳ ಮೇಲೆ ಬಂಡೆ ಪೇರಿಸಿಟ್ಟಂಥ ಬೆಟ್ಟಗಳು ಆರಂಭವಾಗುತ್ತವೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಕುಡಿದರೂ ಕಲ್ಲಿನ ಅಕ್ಷರ ಉಳಿದಿದೆ. ನನ್ನ ಚೀಲದಲ್ಲಿದ್ದದ್ದು ಎಷ್ಟು ಬಿಸಿಲನ್ನು ತಡೆದೀತೆಂಬುದೇ ನಾನು ಕೇಳಹೊರಟ ಪ್ರಶ್ನೆ.

ಮಾವ ಅವ್ವನ ತಮ್ಮ, ಎಪ್ಪತ್ತರ ಹತ್ತಿರ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ಮಗ ಬೆಂಗಳೂರು ಸೇರಿದ್ದಾನೆ. ಮನೆಯಲ್ಲಿ ಮೊದಲಿದ್ದ ಮೂರು ಮಗ್ಗಗಳಲ್ಲಿ ಈಗ ನಡೆಯುವುದು ಇದೊಂದೇ. ಮೊಳಕಾಲ್ಮೂರಿನ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕವೆಂಬ ಮಾನ್ಯತೆ ದೊರೆಯಿತು. ಈ ಹೆಸರನ್ನು ಬೇರೆಯವರು ಬಳಸುವಂತಿಲ್ಲ. ‘ಹೆಸರು ಯಾರೂ ಕದಿಯೋ ಹಂಗಿಲ್ಲ, ಸರಿ. ನೇಯೋರು ಯಾರು?’ ಎಂದು ಮಾವ ನಗುತ್ತಾರೆ. ಆ ನಗೆಗೆ ಜೊತೆಗೂಡಲು ನನಗೆ ಸಾಧ್ಯವಾಗಲಿಲ್ಲ.

ಅಂದು ನಾನು ಮೊದಲ ಬಾರಿಗೆ ಆ ಮನೆಯ ಕಿಟಕಿಯನ್ನು ನೋಡಿದೆ. ಬಾಲ್ಯದಿಂದ ಹೋಗಿಬಂದ ಮನೆ. ಆದರೂ ಕಿಟಕಿಯೆಂದು ನೋಡಿರಲಿಲ್ಲ. ಮಗ್ಗದ ಬಲಗಡೆಗೆ, ನೆಲದಿಂದ ಎರಡು ಗೇಣು ಮೇಲೆ, ಬಡಗಣಕ್ಕೆ ತೆರೆದ ಸಣ್ಣ ಕಿಟಕಿ. ಅದಕ್ಕೆ ಪರದೆಯಿಲ್ಲ, ಪರದೆಯ ಮೊಳೆ ಕೂಡ ಇಲ್ಲ. ಕೇಳಿದ್ದಕ್ಕೆ ಮಾವ, ‘ಮಗ್ಗದ ಮನೆ ಕಿಟಕಿಗೆ ಪರದೆ ಹಾಕೋದು, ಬಾಯಿಗೆ ಬಟ್ಟೆ ತುರುಕೋದು ಎರಡೂ ಒಂದೇ ಕಣಪ್ಪ. ಎಳೆ ಕಾಣಬೇಕಲ್ಲ!’ ಎಂದರು. ಮಗ್ಗದ ಮೇಲೆ ಮಾತ್ರ ಪರದೆಯಿತ್ತು: ನೇಯ್ದಾದ ಭಾಗದ ಮೇಲೆ ಹಳೆಯ ಹತ್ತಿಯ ಬಟ್ಟೆಯೊಂದು ಹಾಸಿತ್ತು. ಬಿಸಿಲು ರೇಷ್ಮೆಯ ಬಣ್ಣವನ್ನು ಮಾತ್ರ ತಿನ್ನುವುದಿಲ್ಲ. ಎಳೆಯ ಕಸುವನ್ನೇ ಹೀರುತ್ತದೆ. ದಿನದಿನವೂ ಗಾಜಿನ ಬಿಸಿಲಿಗೆ ನಿಂತ ರೇಷ್ಮೆ ಮೊದಲು ಹಳದಿಯಾಗಿ, ಆಮೇಲೆ ಮಡಿಕೆಮಡಿಕೆಯಲ್ಲೇ ಸೀಳುತ್ತದೆ. ಒಗೆದರೂ ನೆರಳಿನಲ್ಲೇ ಒಣಗಿಸಬೇಕೆಂಬುದು ಅದಕ್ಕಾಗಿಯೇ.

ನಾನು ಸೀರೆಯನ್ನು ಬಿಚ್ಚಿದೆ. ಮಾವ ಮಾತಾಡಲಿಲ್ಲ. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೊಳಮೊಳವಾಗಿ ಸರಿಸುತ್ತ ಹೋದರು. ಒಂದೆಡೆ ಬೆರಳು ನಿಂತಿತು. ಸೀರೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ‘ಇಲ್ಲಿ ನೋಡು’ ಎಂದರು. ನನಗೆ ಏನೂ ಕಾಣಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ, ಕುಂಕುಮದ ಕೆಂಪಿನಲ್ಲಿ ಎರಡು ಬೆರಳಗಲ ಮಾತ್ರ ಬೇರೊಂದು ಕೆಂಪು, ಒಂದು ಛಾಯೆ ಕಪ್ಪಾದದ್ದು, ಮೆಲ್ಲನೆ ಎದ್ದುಬಂದಿತು.

‘ಇದು ಅಪ್ಪ ನೇಯ್ದದ್ದು, ಅಕ್ಕನ ಮದುವೆಗೆ ಅಂತ. ಒಡಲಿಗೊಂದು ಲಾಳಿ, ಅಂಚಿಗೊಂದು ಲಾಳಿ. ಈ ಕಡೆ ನಾನು ಕೂತು ಲಾಳಿ ಕೊಡ್ತಿದ್ದೆ, ಸಣ್ಣ ಹುಡುಗ. ಲಗ್ನ ಹತ್ರ ಬಂತು. ಹೊತ್ತು ಮುಳುಗಿದ ಮೇಲೆ ಅಪ್ಪ ಎಂದೂ ನೇಯ್ತಿರಲಿಲ್ಲ. ಅವತ್ತು ಲಾಟೀನು ಹಚ್ಚಿಕೊಂಡು ಕೂತ. ಉಂಡೆ ಬದಲಾಗಿದ್ದು ಗೊತ್ತಾಗಲಿಲ್ಲ. ದೀಪಕ್ಕೆ ಎಲ್ಲಾ ಕೆಂಪೂ ಒಂದೇ ಕಣಪ್ಪ. ಬೆಳಗ್ಗೆ ಕಿಟಕಿ ಬೆಳಕಿಗೆ ನೋಡಿ ತಲೆಮೇಲೆ ಕೈ ಇಟ್ಟುಕೊಂಡ. ಬಿಚ್ಚೋಕೆ ದಿನ ಎಲ್ಲಿತ್ತು? ಅಕ್ಕನಿಗೆ ಹೇಳಬೇಡ ಅಂದ.’

ಸೀರೆಯನ್ನು ಮಡಚಿ ನನ್ನ ಕೈಗೆ ಕೊಡುತ್ತ ಮಾವ, ‘ಇದು ಕಿಟಕಿಗಲ್ಲ’ ಎಂದರು. ಆಮೇಲೆ, ‘ಅಕ್ಕ ಏನು ಕೇಳಿದಳು ಅಂದೆ?’ ಎಂದು ಕೇಳಿದರು. ಬಿಸಿಲು ಬೇಡ, ಬೀದಿ ಬೇಕು ಎಂದಿದ್ದಾಳೆಂದೆ. ಒಂದು ಗಳಿಗೆ ಕಿಟಕಿಯ ಕಡೆ ನೋಡಿ ಅವರು ಹೇಳಿದರು: ‘ಬಿಸ್ಲು ಮೇಲಿಂದ ಬರ್ತೈತೆ, ಬೀದಿ ಕೆಳಗೈತೆ. ಎರಡಕ್ಕೂ ಒಂದೇ ಬಟ್ಟೆ ಯಾಕೆ?’

ನಾಲ್ಕು ತಿಂಗಳಿಂದ ನನಗೆ ಹೊಳೆಯದಿದ್ದದ್ದು ಇಷ್ಟೇ. ಕನ್ನಡದಲ್ಲಿ ‘ತೆರೆ’ ಎಂಬ ಒಂದು ಮಾತಿದೆ. ನಾಮಪದವಾದರೆ ಮರೆಮಾಡುವ ಬಟ್ಟೆ, ಕ್ರಿಯಾಪದವಾದರೆ ಮುಚ್ಚಿದ್ದನ್ನು ಬಿಚ್ಚುವುದು. ತರಗತಿಯಲ್ಲಿ ಇದನ್ನು ನಾನಾರ್ಥಕ್ಕೆ ಉದಾಹರಣೆಯಾಗಿ ಎಷ್ಟೋ ಸಲ ಹೇಳಿದ್ದೇನೆ. ಮುಚ್ಚುವುದನ್ನೂ ತೆರೆಯುವುದನ್ನೂ ಒಂದೇ ಕಿಟಕಿಗೆ ಒಂದೇ ಹೊತ್ತಿನಲ್ಲಿ ಮಾಡಬಹುದೆಂದು ಮಾತ್ರ ತೋಚಿರಲಿಲ್ಲ. ಅಂಗಡಿಯಲ್ಲಿ ನಾವು ಬಟ್ಟೆಯನ್ನು ನೋಡಿದೆವು. ಮಾವ ಬೆಳಕನ್ನು ನೋಡಿದರು.

ಊರಿಗೆ ಬಂದು ಎಂಟು ಮೊಳದ ಎರಡು ಕೈಮಗ್ಗದ ಹತ್ತಿ ಪಂಚೆ ತಂದೆ. ಬಿಳಿಯವು, ಕಿರಿದಾದ ಅಂಚಿನವು. ಹತ್ತಿಯನ್ನು ಕತ್ತರಿಸುವ ಮೊದಲು ಒಗೆಯಬೇಕು. ಗಜಕ್ಕೆ ಒಂದೆರಡು ಅಂಗುಲ ಕುಗ್ಗುತ್ತದೆ. ಒಗೆದು, ಒಣಗಿಸಿ, ಒಂದೊಂದನ್ನೂ ಉದ್ದಕ್ಕೆ ನಡುವೆ ಸೀಳಿದೆವು. ಒಂದು ಪಂಚೆಯ ಎರಡು ಪಟ್ಟಿ ನಡುವಿನ ಮುಖಕ್ಕೆ: ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಇನ್ನೊಂದರ ಪಟ್ಟಿಗಳನ್ನು ಅರ್ಧರ್ಧ ಮಾಡಿದರೆ ಎರಡು ಪಕ್ಕಗಳಿಗೆ. ಐದು ಅಡಿಯ ಮುಖಕ್ಕೆ ಹನ್ನೊಂದು ಅಡಿಗಿಂತ ಹೆಚ್ಚು ಬಟ್ಟೆ. ತೆಳುವಾದದ್ದಕ್ಕೆ ಎರಡರಷ್ಟಕ್ಕಿಂತ ತುಸು ಹೆಚ್ಚೇ ಇರಬೇಕು, ಇಲ್ಲದಿದ್ದರೆ ನೆರಿಗೆ ಕೂರದೆ ಒಣಹಾಕಿದ ಬಟ್ಟೆಯಂತೆ ಕಾಣುತ್ತದೆ. ಪಂಚೆಯ ಅಂಚನ್ನೇ ಕೆಳಗೆ ಬರುವಂತೆ ಹೊಲಿಸಿದಳು ನನ್ನ ಹೆಂಡತಿ. ಉದ್ದ ಜಗುಲಿಯನ್ನು ಮುಟ್ಟಬಾರದು. ಮುಟ್ಟಿದರೆ ಕೂತವರ ಬೆನ್ನಿಗೆ ಸಿಕ್ಕಿ ಹರಿಯುತ್ತದೆ. ಹೀಗೆ ಮುಖಕ್ಕೆ ಎರಡರಂತೆ ಆರು ಕಂಬಿ, ಆರು ತುಂಡು ತೆರೆ.

ಇಷ್ಟರಿಂದ ಬೇಸಗೆ ತೀರುವುದಿಲ್ಲ. ಗಾಜನ್ನು ದಾಟಿ ಬಂದ ಶಾಖ ಒಳಗಿನ ಪರದೆಯನ್ನು ಮುಟ್ಟುವ ಹೊತ್ತಿಗೆ ಮನೆಯೊಳಗೇ ಬಂದಾಗಿರುತ್ತದೆ. ಅದನ್ನು ಗಾಜಿನ ಹೊರಗೇ ತಡೆಯಬೇಕು. ಆದ್ದರಿಂದ ಕಿಟಕಿಯ ನೆತ್ತಿಗೆ ಮುಂಗೈಯುದ್ದದ ಒಂದು ತಗಡಿನ ಸೂರು ಹೊಡೆಸಿದೆ—ಬರಿತಲೆಯವನಿಗೆ ತಡವಾಗಿ ಸಿಕ್ಕ ಟೊಪ್ಪಿಗೆ. ಮಾರ್ಚಿನಿಂದ ಮೇವರೆಗೆ ಅದರ ಕೆಳಗೆ ಲಾವಂಚದ ತಟ್ಟಿ ಇಳಿಬಿಟ್ಟು, ಮಧ್ಯಾಹ್ನ ನೀರು ಚಿಮುಕಿಸುತ್ತೇವೆ. ನೀರು ಆರುವಾಗ ಗಾಳಿಯ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ಸಾಗದು. ಚಳ್ಳಕೆರೆಯ ಒಣಗಾಳಿಯೇ ಇಲ್ಲಿ ನಮಗೆ ಉಪಕಾರಿ. ಊರಿನ ದೋಷವೊಂದು ಗುಣವಾಗಿ ಒದಗಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಅವ್ವನ ದಿನಚರಿ ಈಗ ಹೀಗೆ: ಮಧ್ಯಾಹ್ನ ಎರಡಕ್ಕೆ ಮೇಲಿನ ತೆರೆ ಎಳೆಯುತ್ತಾಳೆ, ಕೆಳಗಿನದು ತೆರೆದೇ ಇರುತ್ತದೆ. ಜಗುಲಿಯ ಮೇಲೆ ಕುಳಿತವಳ ಕಣ್ಣಿನ ಮಟ್ಟಕ್ಕೆ ಬೀದಿ. ಅದರ ಮೇಲೆ ಹಾಲಿನಂಥ ಬೆಳಕು. ಐದರ ಸುಮಾರಿಗೆ ಬಿಸಿಲು ಅಡ್ಡಲಾಗಿ ಬರತೊಡಗಿದಾಗ ಕೆಳಗಿನದನ್ನೂ ಎಳೆಯುತ್ತಾಳೆ. ಆಗಲೂ ತೆಳುವಾದ ಹತ್ತಿಯ ಮೂಲಕ ಆಕೆಗೆ ಬೀದಿ ಕಾಣುತ್ತದೆ. ಬೀದಿಯವರಿಗೆ ಆಕೆ ಕಾಣಳು. ದೀಪ ಹಚ್ಚಿದೊಡನೆ ಈ ಲೆಕ್ಕ ತಲೆಕೆಳಗಾಗಿ, ಒಳಗಿನವರೇ ಬೀದಿಗೆ ಕಾಣಿಸುತ್ತಾರೆ. ಆಗ ಕಿಟಕಿಯ ಬಾಗಿಲು ಮುಚ್ಚಬೇಕು. ಹೂವಿನ ಬಟ್ಟೆ ಹಾಸಿಗೆಯ ಮೇಲುಹೊದಿಕೆಯಾಗಿದೆ. ಮೊದಲು ಕೇಳುತ್ತಿದ್ದವರು ಈಗಲೂ ಬಂದು, ‘ಇದೇನು, ಪಂಚೆ ಕಟ್ಟಿದ್ದೀರಿ?’ ಎಂದು ಕೇಳುತ್ತಾರೆ. ಜಗುಲಿಯ ಮೇಲೆ ಐದು ನಿಮಿಷ ಕುಳಿತ ಮೇಲೆ ಮತ್ತೆ ಕೇಳುವುದಿಲ್ಲ.

ಮಾಘದಲ್ಲಿ ಅವ್ವನ ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿದ್ದಾಯಿತು. ಯುಗಾದಿಯ ಸಂಜೆ ಆಕೆ ಸೀರೆಯನ್ನು ತರಹೇಳಿದಳು. ‘ಕಟ್ಟೋದು ಬ್ಯಾಡ, ಒಂದು ಸಲ ಬೆಳಕಿಗೆ ಹಿಡೀರಿ, ನೋಡ್ತೀನಿ’ ಎಂದಳು. ಯುಗಾದಿಯ ಹೊತ್ತಿಗೆ ಸೂರ್ಯ ಹೆಚ್ಚುಕಡಮೆ ನೇರ ಪಡುವಣಕ್ಕೇ ಮುಳುಗುತ್ತಾನೆ. ಕಿಟಕಿಯ ನಡುವಿನ ಮುಖ ಅವನಿಗೆ ಎದುರಾಗಿರುತ್ತದೆ. ತೆರೆಗಳನ್ನೆಲ್ಲ ಸರಿಸಿ, ನಾನೊಂದು ತುದಿ, ನನ್ನ ಹೆಂಡತಿಯೊಂದು ತುದಿ ಹಿಡಿದು, ಮದುವೆಯಲ್ಲಿ ಅಂತರಪಟ ಹಿಡಿಯುವಂತೆ ನಿಂತೆವು. ಹಸುರಿನೊಳಗಿಂದ ಬಂದ ಬೆಳಕು ಗೋಡೆಯ ಮೇಲೆ, ಅವ್ವನ ನರೆಗೂದಲ ಮೇಲೆ ಬಿದ್ದಿತು. ಆಕೆ ಹತ್ತಿರ ಬಂದು ನವಿಲನ್ನು ಮುಟ್ಟಿದಳು. ಅಂಚನ್ನು ಹಿಡಿದು ಸರಿಸುತ್ತ ಬಂದಳು. ಮಾವನ ಬೆರಳು ನಿಂತ ಕಡೆಯಲ್ಲೇ ಆಕೆಯ ಬೆರಳೂ ನಿಂತಿತು.

‘ಇಲ್ಲಿ ಕೆಂಪು ಬೇರೆ ಐತಲ್ಲ’ ಎಂದಳು. ‘ಇಷ್ಟು ವರ್ಷ ಉಟ್ಟೆ, ಕಾಣಲೇ ಇಲ್ಲ.’

ಹೇಳಬೇಡವೆಂದವರು ಹೋಗಿ ಬಹಳ ವರ್ಷಗಳಾಗಿದ್ದುವು. ನಾನು ಹೇಳಿದೆ: ಲಾಟೀನು, ಬದಲಾದ ಉಂಡೆ, ಲಾಳಿ ಕೊಡುತ್ತಿದ್ದ ಹುಡುಗ. ಅವ್ವ ಆ ಎರಡು ಬೆರಳಗಲದ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಹೊರಗೆ ಹೊತ್ತು ಮುಳುಗಿತು. ಅವಳ ಕೈಯ ಕೆಳಗಿದ್ದ ಎರಡು ಕೆಂಪೂ ಒಂದಾದುವು.

‘ಮಡಚಿಡು, ರೇಷ್ಮೆಗೆ ಬಿಸ್ಲು ಆಗೋದಿಲ್ಲ’ ಎಂದು ಹೇಳಿ, ಕೆಳಗಿನ ತೆರೆಯನ್ನು ತಾನೇ ಸರಿಮಾಡಿ, ಅವ್ವ ಬೀದಿಯ ಕಡೆ ತಿರುಗಿ ಕುಳಿತಳು.